ಕರುಳಿನ ಕ್ಯಾನ್ಸರ್: ಗಡ್ಡೆ ಮತ್ತು ರೋಗನಿರೋಧಕ ಕೋಶಗಳ ಸಂಕೇತ ವಿನಿಮಯ

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಗಡ್ಡೆಗಳಲ್ಲಿ ಟಿ ಕೋಶ, ಮ್ಯಾಕ್ರೋಫೇಜ್ ಮೊದಲಾದ ರೋಗನಿರೋಧಕ ಕೋಶಗಳೂ ಸೇರಿಕೊಂಡಿರುತ್ತವೆ. ಗಡ್ಡೆಗಳಲ್ಲಿ ಬಿಳಿ ರಕ್ತಕಣಗಳಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಚೋ 1863ರಲ್ಲೇ ಗಮನಿಸಿದ್ದರು. ಅವುಗಳಿಗೆ ಅಲ್ಲೇನು ಕೆಲಸ ಎಂಬುದು ಖಚಿತವಾಗಲು ನೂರು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು.

1992ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ತಸುಕು ಹೊಂಜೊ ಅವರ ತಂಡ ಪಿಡಿ-1 ಎಂಬ ಪ್ರೋಟೀನನ್ನು ಕಂಡುಹಿಡಿಯಿತು. ಟಿ ಕೋಶದ ಮೇಲಿರುವ ಇದಕ್ಕೆ ಎದುರಿನ ಕೋಶದ ಪಿಡಿ-ಎಲ್1 ಬಂದು ಕೂಡಿಕೊಂಡರೆ ಟಿ ಕೋಶದ ದಾಳಿ ತಗ್ಗುತ್ತದೆ. ಸ್ವಂತ ಅಂಗಾಂಶಗಳಿಗೆ ಹಾನಿಯಾಗದಿರಲೆಂದು ದೇಹ ಇಟ್ಟುಕೊಂಡಿರುವ ಈ ಕಡಿವಾಣ ಗಡ್ಡೆಯ ಕೈಗೂ ಸಿಗುತ್ತದೆ.

2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಲಾನ್ ಮತ್ತು ಸಂಗಡಿಗರು ಕರುಳಿನ ಗಡ್ಡೆಗಳ ನಡುಭಾಗ ಮತ್ತು ಅಂಚುಗಳಲ್ಲಿರುವ ಟಿ ಕೋಶಗಳ ಸಾಂದ್ರತೆಯನ್ನು ಅಳೆದರು. ಅವು ದಟ್ಟವಾಗಿದ್ದ ರೋಗಿಗಳು ಹೆಚ್ಚು ಕಾಲ ಬದುಕಿದ್ದರು. ಟಿ ಕೋಶಗಳನ್ನು ಎಣಿಸಿ ರೋಗದ ಮುಂದಿನ ಗತಿ ಅಂದಾಜಿಸುವ ‘ಇಮ್ಯುನೋಸ್ಕೋರ್’ ಪರೀಕ್ಷೆಯ ಮೂಲ ಇದೇ.

ಇಷ್ಟಾದರೂ, ಚರ್ಮದ ಮೆಲನೋಮಾ ಕ್ಯಾನ್ಸರಿನಲ್ಲಿ ಫಲ ಕೊಟ್ಟ ಪಿಡಿ-1 ತಡೆಯುವ ಔಷಧ ಕರುಳಿನ ಕ್ಯಾನ್ಸರಿನ ಬಹುತೇಕ ರೋಗಿಗಳಲ್ಲಿ ನಾಟಲಿಲ್ಲ. ಆರಂಭದ ಪ್ರಯೋಗವೊಂದರಲ್ಲಿ ಒಬ್ಬ ರೋಗಿಯ ಗಡ್ಡೆ ಮಾತ್ರ ಪೂರ್ತಿ ಕರಗಿತ್ತು. ಆ ಗಡ್ಡೆಯ ಕೋಶಗಳಲ್ಲಿ ಡಿಎನ್‌ಎ ನಕಲಿನ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿತ್ತು. ಕರುಳಿನ ಕ್ಯಾನ್ಸರಿಗೆ ಎಡೆಮಾಡುವ, ವಂಶಪಾರಂಪರ್ಯವಾಗಿ ಬರುವ ಲಿಂಚ್ ಸಿಂಡ್ರೋಮ್‌ನ ಮೂಲವೂ ಇದೇ ದೋಷ. ಈ ಸುಳಿವು ಹಿಡಿದ ಜಾನ್ಸ್ ಹಾಪ್ಕಿನ್ಸ್ ವೈದ್ಯರು 2015ರಲ್ಲಿ ಇದೇ ಬಗೆಯ ಔಷಧದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು: ದೋಷವಿದ್ದ ಕರುಳಿನ ಕ್ಯಾನ್ಸರಿನ 10 ಮಂದಿಯಲ್ಲಿ 4 ಜನರ ಗಡ್ಡೆ ಕುಗ್ಗಿತ್ತು, ದೋಷವಿಲ್ಲದ 18 ಮಂದಿಯಲ್ಲಿ ಒಬ್ಬರದೂ ಇಲ್ಲ. ತಿದ್ದುವ ವ್ಯವಸ್ಥೆ ಕೆಟ್ಟ ಗಡ್ಡೆಗಳಲ್ಲಿ ಸರಾಸರಿ 1,782 ರೂಪಾಂತರಗಳಿದ್ದರೆ ಉಳಿದವುಗಳಲ್ಲಿ 73. ರೂಪಾಂತರಗಳು ಹೆಚ್ಚಿದಷ್ಟೂ ದೇಹಕ್ಕೆ ಪರಕೀಯವೆನಿಸುವ ಪ್ರೋಟೀನುಗಳು ಹೆಚ್ಚುತ್ತವೆ, ಟಿ ಕೋಶಗಳು ಮುತ್ತುತ್ತವೆ. ಅವು ಸ್ರವಿಸುವ ಇಂಟರ್‌ಫೆರಾನ್-ಗಾಮಾ ತಗಲಿದ ಗಡ್ಡೆ ಆತ್ಮರಕ್ಷಣೆಗೆ ತನ್ನ ಕೋಶಗಳ ಮೇಲ್ಮೈಯಲ್ಲಿ ಪಿಡಿ-ಎಲ್1 ಒಡ್ಡುತ್ತದೆ. ಔಷಧ ಕಡಿಯುವುದು ಈ ಸಂಕೇತವನ್ನೇ. ಟಿ ಕೋಶಗಳೇ ಬಾರದ ಗಡ್ಡೆಯಲ್ಲಿ ಅದಕ್ಕೆ ಕಡಿಯಲು ಏನೂ ಇರುವುದಿಲ್ಲ.

2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಡ್ಡೆ ಯಾವ ಅಂಗದಲ್ಲೇ ಇರಲಿ, ಈ ದೋಷವಿದ್ದರೆ ಪಿಡಿ-1 ತಡೆಯುವ ಪೆಂಬ್ರೋಲಿಜುಮಾಬ್ ಔಷಧ ಕೊಡಬಹುದೆಂದಿತು. 2022ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದೇ ಬಗೆಯ ಡೋಸ್ಟಾರ್ಲಿಮಾಬ್ ಔಷಧ ಪಡೆದ ಗುದನಾಳ ಕ್ಯಾನ್ಸರಿನ 12 ರೋಗಿಗಳಲ್ಲೂ ಗಡ್ಡೆ ಕಾಣದಾಯಿತು. ಅವರೆಲ್ಲರೂ ಈ ದೋಷವಿದ್ದವರೇ ಎಂಬುದು ಸುದ್ದಿಯ ಸಂಭ್ರಮದಲ್ಲಿ ಹಿಂದೆ ಸರಿಯಿತು. ಬೇರೆ ಅಂಗಗಳಿಗೆ ಹರಡಿದ ಕರುಳಿನ ಕ್ಯಾನ್ಸರುಗಳಲ್ಲಿ ಈ ದೋಷ ಕಾಣುವುದು ಶೇಕಡಾ 5ರ ಆಸುಪಾಸಿನಲ್ಲಿ ಮಾತ್ರ.