ಬಲೆಯಿಂದ ಬಳೆಗೆ

ಜರ್ಮನಿಯ ಕರಾವಳಿಯಿಂದ ಸುಮಾರು 30 ಮೈಲಿ ದೂರದಲ್ಲಿ, ಉತ್ತರ ಸಮುದ್ರದ ನಡುವೆ ಕೆಂಬಂಡೆಯಾಗಿ ತಲೆಯೆತ್ತಿ ನಿಂತಿರುವ ಹೆಲ್ಗೊಲ್ಯಾಂಡ್ ದ್ವೀಪವು, ಋತುಮಾನಕ್ಕನುಸಾರವಾಗಿ ಸಂಚರಿಸುವ ಅಸಂಖ್ಯ ಪಕ್ಷಿಗಳಿಗೆ ಬಹುಕಾಲದಿಂದ ವಿಶ್ರಾಂತಿಧಾಮವಾಗಿದೆ. ಆ ಪಕ್ಷಿಗಳೋ, ಹಿಂದೆ ದ್ವೀಪವಾಸಿಗಳ ಪಾಲಿಗೆ ಆಕಾಶದಿಂದಿಳಿದ ಸುಗ್ಗಿಯಾಗಿದ್ದುವು. ಮರಗಳು ವಿರಳವಾದ ಆ ನೆಲದಲ್ಲಿ ಅವರು ಪೊದೆಗಳನ್ನೊಡ್ಡಿ, ಬಲೆಗಳನ್ನು ಕಟ್ಟಿ, ಆಶ್ರಯವನ್ನರಸಿ ನುಸುಳಿದ ಥ್ರಷ್ ಹಕ್ಕಿಗಳನ್ನು ಹಿಡಿದು ಅಡಿಗೆಗೆ ಬಳಸುತ್ತಿದ್ದರು.

ದ್ವೀಪವಿನ್ನೂ ಬ್ರಿಟಿಷರ ಅಧೀನದಲ್ಲಿದ್ದ 1837ರಲ್ಲಿ ಅಲ್ಲಿಗೆ ಬಂದ ಹೈನ್ರಿಕ್ ಗೇಟ್ಕೆ ಎಂಬ ಚಿತ್ರಕಾರನು ಅಲ್ಲಿಯೇ ನೆಲೆನಿಂತು, ಸರಕಾರದ ಕಾರ್ಯದರ್ಶಿಯಾಗಿ ದುಡಿಯುತ್ತಲೇ, ಅರ್ಧ ಶತಮಾನದಷ್ಟು ಕಾಲ ವಲಸೆಹಕ್ಕಿಗಳ ಆಗಮನ ನಿರ್ಗಮನಗಳನ್ನು ಗುರುತಿಸಿಟ್ಟು, 1891ರಲ್ಲಿ ಅವನ್ನೆಲ್ಲ ಗ್ರಂಥರೂಪಕ್ಕೆ ತಂದನು. ಬೇಟೆಗಾರರು ಹೊಡೆದು ತಂದ ಹಕ್ಕಿಗಳೂ ಅವನ ವಿದ್ಯೆಗೆ ಸಾಮಗ್ರಿಯಾದುವೆಂಬುದು ಆ ಕಾಲದ ಧರ್ಮ.

1910ರಲ್ಲಿ ಹ್ಯೂಗೊ ವೈಗೋಲ್ಡ್ ಅಲ್ಲಿ ಪಕ್ಷಿವೀಕ್ಷಣಾಲಯವನ್ನು ಸ್ಥಾಪಿಸಲು, ಹಳೆಯ ಪೊದೆಬಲೆಯೇ ನೂತನ ವಿಜ್ಞಾನದ ಉಪಕರಣವಾಗಿ ಮಾರ್ಪಟ್ಟಿತು. ಅಗಲವಾದ ಬಾಯಿಯುಳ್ಳ ತಂತಿಬಲೆಯ ಆಲಿಕೆಯೊಂದು ಪೊದೆಗಳ ಮೇಲೆ ಕವಿದು, ಕ್ರಮೇಣ ಕಿರಿದಾಗುತ್ತ, ಕೊನೆಗೊಂದು ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಮೆಲ್ಲನೆ ಅತ್ತ ಅಟ್ಟಲ್ಪಟ್ಟ ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು, ರೆಕ್ಕೆಯನ್ನಳೆದು, ತೂಗಿ, ಕಾಲಿಗೆ ಅಂಕಿಯುಳ್ಳ ಲೋಹದ ಬಳೆಯನ್ನು ತೊಡಿಸಿ ಬಿಟ್ಟುಬಿಡುತ್ತಾರೆ. ಇಂದು ಅನೇಕ ದೇಶಗಳಲ್ಲಿ ಇಂಥ ಬಲೆಗೆ ಹೆಲ್ಗೊಲ್ಯಾಂಡಿನ ಹೆಸರೇ ರೂಢಿಯಾಗಿದೆ.

1947ರ ಏಪ್ರಿಲ್ 18ರಂದು ಬ್ರಿಟಿಷ್ ನೌಕಾದಳವು ಸಾವಿರಾರು ಟನ್ನು ಸ್ಫೋಟಕಗಳಿಂದ ಅಲ್ಲಿನ ಯುದ್ಧಕೋಟೆಗಳನ್ನು ಸಿಡಿಸಿದಾಗ ದ್ವೀಪದ ಆಕಾರವೇ ಬದಲಾಯಿತು. 1952ರಲ್ಲಿ ದ್ವೀಪವು ಜರ್ಮನಿಗೆ ಮರಳಿದ ಮೇಲೆ ಜನರು ಬಂದರು, ಬಲೆಗಳೂ ಮತ್ತೆ ಎದ್ದುವು. ಹಕ್ಕಿಗಳು ಮಾತ್ರ ತಮ್ಮ ದಾರಿಯನ್ನು ಮರೆತಿರಲಿಲ್ಲ.