ಕಾಳವ್ವೆಯ ಕಾಗುಣಿತ

ಮಗಳು ಹುಟ್ಟಿ 11 ತಿಂಗಳಾಯಿತು. ಜನನ ಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹೆಸರಿಲ್ಲದೆಯೂ ಹುಟ್ಟು ದಾಖಲಾಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಪುಕ್ಕಟೆ ಸೇರಿಸಬಹುದು, ಆಮೇಲೆ ತಡದ ಶುಲ್ಕ. ಹೆಸರಿನ ಜಗಳ ಮನೆಯಲ್ಲಿ ಒಂದು ಮಟ್ಟಕ್ಕೆ ಮುಗಿದಿದೆ. ಮುಗಿಯದಿರುವುದು ಕಾಗುಣಿತದ ಜಗಳ. ಕಾಳವ್ವೆಯೋ, ಕಾಳವ್ವನೋ? ಇದನ್ನ ದಲಿತ ವಿಮರ್ಶೆಯ ಸಂಚಿಕೆಗೆ ಬರೀತೀಯಾ ಅಂತ ಗೆಳೆಯರು ನಕ್ಕರು.

ನನ್ನ ಅಜ್ಜಿ ಕಾಳವ್ವ. ಕೇರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಮನೆಯ ಟ್ರಂಕಿನಲ್ಲಿರುವ ಹಳೆಯ ಜಮೀನಿನ ಕಾಗದದಲ್ಲಿ ಮಾತ್ರ ಅವಳು 'ಕಾಳಿ ಕೋಂ ಮಾರ'. ಅದೇ ಪುಟದಲ್ಲಿ ಚಕ್ಕುಬಂದಿ ಹೇಳುವಾಗ ಅಕ್ಕಪಕ್ಕದ ಹೊಲದವರು ತಮ್ಮ ಅಪ್ಪ, ಅಯ್ಯ, ಗೌಡಗಳನ್ನೆಲ್ಲ ಉಳಿಸಿಕೊಂಡಿದ್ದಾರೆ. ಬರೆದವನಿಗೆ ಶಾಯಿ ಸಾಲದೆ ಹೋಗಿರಲಿಲ್ಲ.

ಮನುಸ್ಮೃತಿಯ ಎರಡನೆಯ ಅಧ್ಯಾಯ ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನದು ಬಲವನ್ನೂ, ವೈಶ್ಯನದು ಧನವನ್ನೂ, ಶೂದ್ರನದು ಜುಗುಪ್ಸೆಯನ್ನೂ ಸೂಚಿಸಬೇಕೆಂದು ವಿಧಿಸುತ್ತದೆ. ಆ ಗ್ರಂಥವನ್ನು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅಂಬೇಡ್ಕರ್ ನೇತೃತ್ವದಲ್ಲಿ ಸುಟ್ಟರು. ರಿಜಿಸ್ಟರುಗಳು ಸುಡಲಿಲ್ಲ. ಶ್ಲೋಕ ಗೊತ್ತಿಲ್ಲದ ಗುಮಾಸ್ತನೂ ಅದನ್ನು ಪಾಲಿಸಬಲ್ಲ. 'ಅವ್ವ' ಎಂಬುದನ್ನು ಕತ್ತರಿಸಿದರೆ ಆಯಿತು.

ಶರಣರು ಈ ವ್ಯಾಕರಣವನ್ನೇ ತಿರುಗಿಸಿದರು ಅನ್ನುವುದು ನನ್ನ ವಾದ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ: ಮುಂದೆ ಜಾತಿ ಬಚ್ಚಿಟ್ಟಿಲ್ಲ, ಹಿಂದೆ 'ಅಯ್ಯ' ಬಿಟ್ಟುಕೊಟ್ಟಿಲ್ಲ. ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ 'ಉರಿಲಿಂಗಪೆದ್ದಿಗಳರಸ' ಎಂಬ ಅಂಕಿತದಲ್ಲಿ ವಚನ ಬರೆದವಳು. ಬಾಚಿಕಾಯಕದ ಬಸವಯ್ಯನ ಹೆಂಡತಿಯೂ ಕಾಳವ್ವೆ, ಸಿದ್ಧಬುದ್ಧಯ್ಯನ ಹೆಂಡತಿಯೂ ಕಾಳವ್ವೆ. ಇಂದು ಅಪರೂಪವಾದದ್ದು ಅಂದು ಅಷ್ಟು ಅಪರೂಪವಿರಲಿಲ್ಲ. ಆದರೆ ಸಂಪುಟಗಳಲ್ಲಿ ಇವರನ್ನು ಬಿಡಿಸಿ ಗುರುತಿಸುವುದು 'ಪುಣ್ಯಸ್ತ್ರೀ' ಎಂಬ ಪದದಿಂದ, ಅಂದರೆ ಗಂಡನ ಹೆಸರಿನಿಂದ. ನಮ್ಮಜ್ಜಿಯ ಕಾಗದದ 'ಕೋಂ' ಮಾಡಿದ ಕೆಲಸವೂ ಅದೇ. ಇದನ್ನು ನನ್ನ ಹೆಂಡತಿ ತೋರಿಸಿಕೊಟ್ಟಳು, ಎಂ.ಎ. ಓದುವಾಗ ನನಗೆ ಹೊಳೆದಿರಲಿಲ್ಲ.

ಅಪ್ಪನ ವಿರೋಧ ಬೇರೆ ಬಗೆಯದು. ಭದ್ರಾವತಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ ದಲಿತ ಸಂಘರ್ಷ ಸಮಿತಿ ಕಟ್ಟಿದ ಮೇಲೆ ನಮ್ಮ ಕೇರಿಗೆ ಭೀಮ, ಗೌತಮ, ಸಿದ್ಧಾರ್ಥ ಬಂದರು. ಅಪ್ಪ ನನಗಿಟ್ಟಿದ್ದೂ ಅಂಥದೇ ಹೆಸರು. "ಕರಿಯ, ಕಾಳಿ ಅಂತ ಕೂಗಿಸ್ಕೊಂಡು ಸಾಕಾಗೈತೆ. ನೀನು ಓದಿದೋನು, ನಿಂಗೆ ಅದು ಚಂದ ಕಾಣ್ತದೆ" ಅಂದರು. ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಅವಮಾನ ಅನುಭವಿಸಿದವರು ಹೆಸರು ಬಿಡುವುದೂ, ಅನುಭವಿಸದವರು ಮತ್ತೆ ಎತ್ತಿಕೊಳ್ಳುವುದೂ ಒಂದೇ ತೂಕದ್ದಲ್ಲ.

ಹೆಂಡತಿಗೆ ಹೆಸರು ಒಪ್ಪಿಗೆ, 'ವ್ವೆ' ಬೇಡ. "ವಚನದ ಹೆಸರು ನಿಮ್ ಕ್ಲಾಸಿಗೆ. ಮಗೂನ ಕೂಗೋದು ಅವ್ವ ಅಂತಾನೇ." ಅವಳ ಪುರಾವೆ ದೇವನೂರ ಮಹಾದೇವ. 1973ರ ಕಥಾಸಂಕಲನದ ಹೆಸರು 'ದೇವನೂರು' ಅಲ್ಲ, 'ದ್ಯಾವನೂರು'. ಅದರೊಳಗಿನ ಹುಡುಗ ಅಮಾಸ. ಯಾರೂ ಅವನನ್ನು 'ಅಮಾವಾಸ್ಯೆ' ಎಂದು ತಿದ್ದಲಿಲ್ಲ. ಅದೇ ವರ್ಷ ಬಸವಲಿಂಗಪ್ಪನವರ ಬೂಸಾ ಮಾತಿಗೆ ಬೀದಿಗಳು ಹೊತ್ತಿಕೊಂಡಿದ್ದವು. ಆ ಹೊತ್ತಿನಲ್ಲಿ ಬಾಯಿಮಾತನ್ನು ಹಾಗೇ ಅಚ್ಚಿಗೆ ಹಾಕುವುದು ಬರೀ ಶೈಲಿಯ ಪ್ರಶ್ನೆಯಾಗಿರಲಿಲ್ಲ. ತರಗತಿಯಲ್ಲಿ ನಾನೇ ಹೇಳುವ ಪಾಠ ಇದು. ಸೋತೆ.

ಉಳಿದದ್ದು ಇಂಗ್ಲಿಷ್. 'ಕೆ'ಯ ಮುಂದೆ ಒಂದು 'ಎ' ಹಾಕಿದರೆ ಕಲವ್ವ ಆಗುತ್ತಾಳೆ. ಎರಡು ಹಾಕಿದರೆ ದೀರ್ಘ ಉಳಿಯುತ್ತದೆ, ಆದರೆ ಳಕಾರಕ್ಕೆ ಅಲ್ಲಿ ಅಕ್ಷರವೇ ಇಲ್ಲ. ಕಪ್ಪು ಹೋಗಿ ಕಲೆ ಉಳಿಯುತ್ತದೆ. ವಿಚಾರಿಸಲು ಹೋದ ಕಡೆ ಒಬ್ಬರು "ಕಲಾ ಅಂತ ಬರೀಲಾ ಸಾರ್, ಲಕ್ಷಣವಾಗಿರುತ್ತೆ" ಎಂದರು, ಪಾಪ, ಒಳ್ಳೇ ಮನಸ್ಸಿನಿಂದಲೇ. ನಮ್ಮ ಊರಿಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಸಿಕ್ಕಿದ್ದೇ 2014ರ ನವೆಂಬರ್ 1ರಂದು. ಅಲ್ಲಿಯವರೆಗೆ ಶಿವಮೊಗ್ಗ 'ಶಿಮೊಗ'ವಾಗಿಯೇ ಇತ್ತು. ಸರ್ಕಾರದ ಆದೇಶವಿದ್ದರೆ ಊರು ತಿದ್ದಿಕೊಳ್ಳಬಹುದು. ಆಳಿಗೆ ಕಷ್ಟ. 2023ರ ತಿದ್ದುಪಡಿಯ ಪ್ರಕಾರ ಆ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ, ಲೈಸೆನ್ಸಿಗೆ, ಎಲ್ಲಕ್ಕೂ ಹುಟ್ಟಿದ ದಿನ, ಊರಿನ ಪುರಾವೆ ಈ ಒಂದೇ ಕಾಗದ.

ಅರ್ಜಿಯ ಕನ್ನಡದ ಸಾಲಿನಲ್ಲಿ ಹೆಂಡತಿ ಪೆನ್ಸಿಲ್‌ನಲ್ಲಿ 'ಕಾಳವ್ವ' ಎಂದು ಬರೆದಿದ್ದಾಳೆ. ಇಂಗ್ಲಿಷ್ ಸಾಲು ಖಾಲಿ ಇದೆ. ಪುಕ್ಕಟೆಯ ಗಡುವಿಗೆ ಇನ್ನು 19 ದಿನ. ಅಪ್ಪ ಮಾತ್ರ ಮೊಮ್ಮಗಳನ್ನು ಎತ್ತಿಕೊಂಡು ಆಲ್ಕೊಳ ಸರ್ಕಲ್ ಕಡೆ ಹೋಗುವಾಗ, ನಾವು ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡು, ಅವಳನ್ನ ಕಾಳವ್ವ ಅಂತಲೇ ಕರೀತಾರೆ.