ಲೋಹ ಕರಗಿಸದೆ ವೆಲ್ಡಿಂಗ್: ಗೆರೆ ನುಣುಪಾಗಿದ್ದರೆ ಬೆಸುಗೆ ಗಟ್ಟಿಯೇ?

ತಿರುಗುವ ಸಾಧನವೊಂದು ಎರಡು ಅಲ್ಯೂಮಿನಿಯಂ ಹಲಗೆಗಳ ಸೇರುವ ಅಂಚಿನಗುಂಟ ನಿಧಾನವಾಗಿ ಸಾಗುತ್ತದೆ. ಕಿಡಿ ಇಲ್ಲ, ಹೊಗೆಯೂ ಇಲ್ಲ. ಅದು ಹಾದುಹೋದ ಕಡೆ ಎರಡೂ ಹಲಗೆಗಳು ಒಂದಾಗಿರುತ್ತವೆ. ಇಂಥ ವಿಡಿಯೊ ನೋಡಿದವರಿಗೆ, ‘ಲೋಹ ಕರಗಲೇ ಇಲ್ಲ, ಅಂದಮೇಲೆ ದೋಷಕ್ಕೂ ಜಾಗವಿಲ್ಲ’ ಅನ್ನಿಸುವುದು ಸಹಜ. ಇದರಲ್ಲಿ ಮೊದಲ ಮಾತು ನಿಜ, ಎರಡನೆಯದು ತಪ್ಪು. ಏಕೆಂದು ನೋಡೋಣ.

ಇದು ಯಾವ ವಿಧಾನ?

ಇದರ ಹೆಸರು ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್, ಅಂದರೆ ಉಜ್ಜಿ, ಕಲಸಿ ಬೆಸೆಯುವುದು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ದಿ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಡೆಲ್ಟಾ 2 ರಾಕೆಟ್‌ನ ಇಂಧನ ಟ್ಯಾಂಕ್, ರೈಲು ಬೋಗಿಗಳು, 2012ರ ಐಮ್ಯಾಕ್ ಕಂಪ್ಯೂಟರಿನ ಹೊರಕವಚ, ವಿದ್ಯುತ್ ವಾಹನಗಳ ಬ್ಯಾಟರಿ ತಣಿಸುವ ತಟ್ಟೆಗಳು, ಹೀಗೆ ಇದರ ಬಳಕೆ ಹಬ್ಬಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದರ ಬಗ್ಗೆ ಸಂಶೋಧನೆ ನಡೆದಿದೆ.

ಕರಗದೆ ಅಂಟುವುದು ಹೇಗೆ?

ಸಾಧನಕ್ಕೆ ಎರಡು ಭಾಗ: ಅಗಲವಾದ ಭುಜ, ಅದರ ತುದಿಯಲ್ಲಿ ಗಿಡ್ಡ ಪಿನ್. ಪಿನ್ ಲೋಹದೊಳಗೆ ಇಳಿಯುತ್ತದೆ, ಭುಜ ಮೇಲ್ಮೈಯನ್ನು ಒತ್ತಿ ಉಜ್ಜುತ್ತದೆ. ಅಂಗೈ ಉಜ್ಜಿದರೆ ಬಿಸಿಯಾಗುವಂತೆ ಇಲ್ಲೂ ಘರ್ಷಣೆಯಿಂದಲೇ ಶಾಖ ಹುಟ್ಟುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಸುಗೆಯ ಜಾಗ ಸಾಮಾನ್ಯವಾಗಿ 400ರಿಂದ 500 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಬಿಸಿಗೆ ಲೋಹ ನಾದಿದ ಕಣಕದಂತೆ ಮೆತ್ತಗಾಗುತ್ತದೆ. ಪಿನ್ ಅದನ್ನು ಕಲಸಿ ಹಿಂದಕ್ಕೆ ತಳ್ಳುತ್ತದೆ, ಭುಜ ಒತ್ತಿ ಗಟ್ಟಿಮಾಡುತ್ತದೆ.

ಲೋಹ ಕರಗಿ ಮತ್ತೆ ಹೆಪ್ಪುಗಟ್ಟುವುದಿಲ್ಲವಾದ್ದರಿಂದ, ಹೆಪ್ಪುಗಟ್ಟುವಾಗ ಬರುವ ಗಾಳಿಗುಳ್ಳೆ ಮತ್ತು ಬಿರುಕುಗಳ ಕಾಟ ಇಲ್ಲಿಲ್ಲ. ಆದರೆ ಇದಕ್ಕೆ ಇದರದೇ ಆದ ದೋಷಗಳಿವೆ.

ಯಾವ ದೋಷಗಳು?

ಸುರಂಗ: ಶಾಖ ಅಥವಾ ಒತ್ತಡ ಸಾಲದಿದ್ದರೆ, ಇಲ್ಲವೇ ಸಾಧನ ಅತಿ ವೇಗವಾಗಿ ಸಾಗಿದರೆ, ಪಿನ್ ಬಿಟ್ಟುಹೋದ ಜಾಗ ಪೂರ್ತಿ ತುಂಬುವುದಿಲ್ಲ. ಮೇಲೆ ನುಣುಪಾದ ಗೆರೆ, ಒಳಗೆ ಉದ್ದಕ್ಕೂ ಟೊಳ್ಳು.

ತಳ ಕೂಡದಿರುವುದು: ಪಿನ್‌ನ ಉದ್ದ ಹಲಗೆಯ ದಪ್ಪಕ್ಕಿಂತ ತುಸುವೇ ಕಡಿಮೆ ಇರಬೇಕು. ತೀರಾ ಗಿಡ್ಡವಾದರೆ ಕೆಳಗಿನ ಪದರ ಬೆಸೆಯದೆ ಉಳಿಯುತ್ತದೆ, ಬಾಗಿಸಿದಾಗ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಹುಸಿ ಅಂಟು: ಇದು ಎಲ್ಲಕ್ಕಿಂತ ಮೋಸದ್ದು. ಅಲ್ಯೂಮಿನಿಯಂ ಮೇಲೆ ಸದಾ ಆಕ್ಸೈಡ್‌ನ ತೆಳು ಪದರ ಇರುತ್ತದೆ. ಅದು ಸರಿಯಾಗಿ ಒಡೆಯದಿದ್ದರೆ ಎರಡೂ ಮುಖಗಳು ತಾಗಿರುತ್ತವೆ, ಬೆಸೆದಿರುವುದಿಲ್ಲ. ಕರ್ಜಿಕಾಯಿಯ ಅಂಚಿನಲ್ಲಿ ಒಣಹಿಟ್ಟು ಉಳಿದಿದ್ದರೆ ಒತ್ತಿದಾಗ ಮುಚ್ಚಿದಂತೆ ಕಂಡು ಎಣ್ಣೆಗೆ ಬಿಟ್ಟಾಗ ಬಾಯಿಬಿಡುತ್ತದಲ್ಲ, ಹಾಗೆಯೇ.

ಅಂಚು ಉಕ್ಕುವುದು: ಶಾಖ ಅಥವಾ ಒತ್ತಡ ಮಿತಿಮೀರಿದರೆ ಲೋಹ ಬದಿಗೆ ಉಕ್ಕಿ ಬರುತ್ತದೆ, ಬೆಸುಗೆಯ ಜಾಗ ತೆಳುವಾಗುತ್ತದೆ. ಇದು ಕಣ್ಣಿಗೇ ಕಾಣುತ್ತದೆ.

ಇನ್ನು ಕೊನೆಯಲ್ಲಿ ಪಿನ್ ಹೊರಬಂದಾಗ ಉಳಿಯುವ ತೂತು. ಅದು ವಿಧಾನದ ಗುಣವೇ ಹೊರತು ಕೆಲಸದ ತಪ್ಪಲ್ಲ. ಆ ತುದಿಯನ್ನು ಕತ್ತರಿಸಿ ತೆಗೆಯುತ್ತಾರೆ, ಇಲ್ಲವೇ ತೂತನ್ನು ಮುಚ್ಚುತ್ತಾರೆ.

ಪತ್ತೆ ಹೇಗೆ?

ಸುರಂಗ ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್‌ಗೆ ಸಿಗುತ್ತದೆ. ಹುಸಿ ಅಂಟಿನಲ್ಲಿ ಟೊಳ್ಳೇ ಇಲ್ಲದ ಕಾರಣ ಅದು ಇವುಗಳ ಕಣ್ಣಿಗೂ ಮಣ್ಣೆರಚಬಹುದು. ಹಾಗಾಗಿ ಮಾದರಿ ತುಂಡನ್ನು ಬಾಗಿಸಿ, ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದು ಸರಿಯಿದ್ದರೆ ಅದೇ ವೇಗ, ಅದೇ ಒತ್ತಡದಲ್ಲಿ ಉಳಿದ ಕೆಲಸ ಮುಂದುವರಿಯುತ್ತದೆ.

ಮನೆಯ ಡ್ರಿಲ್ಲಿಂಗ್ ಮಷಿನ್‌ನಲ್ಲಿ ಮಾಡಬಹುದೇ?

ಬೇಡ. ದಪ್ಪ ಹಲಗೆಗೆ ಟನ್‌ಗಟ್ಟಲೆ ತೂಕದಷ್ಟು ಒತ್ತಡ ಬೇಕು, ತುಂಡುಗಳನ್ನು ಅಲುಗದಂತೆ ಬಿಗಿಯಬೇಕು. ಕೈಯಲ್ಲಿ ಹಿಡಿದು ಮಾಡಲು ಹೋದರೆ ಪಿನ್ ಮುರಿಯಬಹುದು, ತುಂಡು ಸಿಡಿಯಬಹುದು.

ನಾವು ಹೇಳುವುದಿಷ್ಟು

ಈ ವಿಧಾನ ನಿಜಕ್ಕೂ ಒಳ್ಳೆಯದು, ಆದರೆ ದೋಷವಿಲ್ಲದ್ದೇನಲ್ಲ. ಬ್ಯಾಟರಿ ತಣಿಸುವ ತಟ್ಟೆಯ ಬೆಸುಗೆಯೊಳಗೆ ಟೊಳ್ಳಿದ್ದರೆ ತಣಿಸುವ ದ್ರವ ಸೋರಬಹುದು. ಬೆಸುಗೆಯ ಬಲ ಗೊತ್ತಾಗುವುದು ಪರೀಕ್ಷೆಯಿಂದ, ವಿಡಿಯೊದಲ್ಲಿ ಕಾಣುವ ಹೊಳಪಿನಿಂದಲ್ಲ. ಮುಂದಿನ ಬಾರಿ ಅಂಥ ವಿಡಿಯೊ ಬಂದರೆ ಈ ಮಾತನ್ನೂ ಸೇರಿಸಿ ಫಾರ್ವರ್ಡ್ ಮಾಡಿ.